ಬಟ್ಟೆ ಕತ್ತರಿಸುವ ಮೇಜು: ಮಡಚುವ ಡೈನಿಂಗ್ ಟೇಬಲ್ಲೋ, ಎರಡು ಕಪಾಟಿನ ಮೇಲೆ ಪ್ಲೈವುಡ್ಡೋ?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ವರ್ಷಗಟ್ಟಲೆ ನೆಲದ ಮೇಲೆ ಕೂತು ಬ್ಲೌಸ್ ಕಟಿಂಗ್ ಮಾಡಿದೆ. ಸೊಂಟ ಹಿಡಿದುಕೊಂಡ ಮೇಲೆ ಈ ಎರಡನ್ನೂ ಬಳಸಿ ನೋಡಿದೆ.

ಮುಂಬಯಿಯ ಓಶಿವಾರಾದ ಹಳೇ ಫರ್ನಿಚರ್ ಅಂಗಡಿಗಳಲ್ಲಿ ಹುಡುಕಿದರೆ ಮಡಚುವ ಟೇಬಲ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಗೋಡೆಗೆ ಸರಿಸಬಹುದು, ಅದೇ ಅದರ ದೊಡ್ಡ ಗುಣ. ಆದರೆ ಊಟದ ಮೇಜಿನ ಎತ್ತರ ಸುಮಾರು 30 ಇಂಚು. ನಿಂತು ಕತ್ತರಿಸಲು ನನಗೆ 35 ಬೇಕು. ಕಾಲಿಗೆ ಮರದ ತುಂಡು ಕೊಟ್ಟೆ, ಎತ್ತರ ಸರಿಹೋಯಿತು, ಅಲುಗಾಟ ಹೆಚ್ಚಿತು. ಹಲಗೆ ಮಡಚುವ ಸಂದಿನಲ್ಲಿ ಮಾರ್ಕಿಂಗ್ ಚಾಕ್ ಎಡವುತ್ತದೆ, ಕಂಕುಳ ಸುತ್ತಿನ ಗೆರೆ ಅಲ್ಲೇ ಕೆಡುತ್ತದೆ.

ಈಗಿರುವುದು ಐಕಿಯಾದ ನಾಲ್ಕು ಖಾನೆಯ ಎರಡು ಕ್ಯಾಲಾಕ್ಸ್ ಕಪಾಟು. ಎತ್ತರ 77 ಸೆಂ.ಮೀ. ಎರಡು ತುದಿಗೆ ಒಂದೊಂದು ನಿಲ್ಲಿಸಿ, ಕೆಳಗೆ 10 ಸೆಂ.ಮೀ. ಕಾಲು, ಮೇಲೆ 18 ಮಿ.ಮೀ. ಪ್ಲೈ, 5 ಅಡಿಗೆ 3 ಅಡಿ. ಒಟ್ಟು ಎತ್ತರ ಹೆಚ್ಚುಕಡಿಮೆ ನನಗೆ ಬೇಕಾದ 35 ಇಂಚೇ. 44 ಇಂಚು ಪನ್ನದ (ಅಗಲದ) ಬಟ್ಟೆ ಮಡಿಸಿದರೆ 22 ಆಗುತ್ತದೆ, ಆರಾಮಾಗಿ ಹಿಡಿಸುತ್ತದೆ. ಲೈನಿಂಗ್, ಲೇಸು, ಗಿರಾಕಿಗಳ ಅಳತೆ ಬ್ಲೌಸ್ ಎಲ್ಲ ಖಾನೆಯಲ್ಲಿ. ಕಾಲು ಮಾತ್ರ ಬಿಡಬೇಡಿ: ಒದ್ದೆ ನೆಲದ ನೀರು ಕುಡಿದರೆ ಇಂಥ ಕಪಾಟಿನ ಬುಡ ಉಬ್ಬುತ್ತದೆ, ಇಲ್ಲಿಯ ಮಳೆಗಾಲವಂತೂ ಗೊತ್ತೇ ಇದೆ. ಪ್ಲೈ ಜಾರದಂತೆ ಎಲ್-ಕ್ಲ್ಯಾಂಪ್ ಹೊಡೆಸಿ.

ವಾರಕ್ಕೆ ಒಂದೆರಡು ಬ್ಲೌಸ್ ಹೊಲಿಯುವವರಿಗೆ ಮಡಚುವುದೇ ಸಾಕು. ದಿನವೂ ಕತ್ತರಿ ಹಿಡಿಯುವವರು ಹಾಲ್‌ನ ಒಂದು ಮೂಲೆ ಬಿಟ್ಟುಕೊಟ್ಟು ಕಪಾಟಿನದ್ದನ್ನೇ ಮಾಡಿಕೊಳ್ಳಿ.