ಸೀಟಿಗೆ ದುಡ್ಡು ಕೊಟ್ಟು ನಿಂತೇ ನೋಡಿದ ಶೋ, ನಿಲ್ಲಲೆಂದೇ ಹೋದ ಶೋ

ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗೀತದ ಶೋಗೆ ಹೋಗುವುದಾದರೆ ಕೆಳಗೆ ನಿಂತು ನೋಡುವ ಟಿಕೆಟ್ ತಗೊಳ್ಳಿ. ನನ್ನ ಗಂಡ ಇದನ್ನು ಒಪ್ಪುವುದಿಲ್ಲ. ಅವರ ವಾದವೂ ಮುಂದೆ ಬರುತ್ತದೆ, ಆದರೆ ಬರೆಯುತ್ತಿರುವುದು ನಾನು.

ಶೋ ಯಾವುದು ಅಂದರೆ, ಅಮೆರಿಕದ ಬ್ಯಾಂಡುಗಳಾದ ಡೆತ್ ಕ್ಯಾಬ್ ಫಾರ್ ಕ್ಯೂಟಿ ಮತ್ತು ದ ಪೋಸ್ಟಲ್ ಸರ್ವಿಸ್ 2023ರಲ್ಲಿ ಜೋಡಿಯಾಗಿ ಮಾಡಿದ ಟೂರ್. ಎರಡೂ ಬ್ಯಾಂಡಿಗೆ ಮುಖ್ಯ ಗಾಯಕರು ಒಬ್ಬರೇ, ಬೆನ್ ಗಿಬರ್ಡ್. 2003ರ ಫೆಬ್ರವರಿಯಲ್ಲಿ ಪೋಸ್ಟಲ್ ಸರ್ವಿಸ್‌ನ ‘ಗಿವ್ ಅಪ್’ ಬಂತು, ಅಕ್ಟೋಬರ್‌ನಲ್ಲಿ ಡೆತ್ ಕ್ಯಾಬ್‌ನ ‘ಟ್ರಾನ್ಸ್‌ಅಟ್ಲಾಂಟಿಸಿಸಂ’. ಇಪ್ಪತ್ತು ವರ್ಷ ತುಂಬಿತು ಅಂತ ಎರಡು ಆಲ್ಬಂಗಳನ್ನೂ ಒಂದೇ ರಾತ್ರಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಸಾಲಾಗಿ ಹಾಡಿದರು. ಮೊದಲರ್ಧ ಡೆತ್ ಕ್ಯಾಬ್, ಎಲ್ಲರದೂ ಕಪ್ಪು ಬಟ್ಟೆ. ಆಮೇಲೆ ಒಂದು ಸಣ್ಣ ವಿರಾಮ. ಎರಡನೇ ಅರ್ಧ ಪೋಸ್ಟಲ್ ಸರ್ವಿಸ್, ಎಲ್ಲರದೂ ಬಿಳಿ ಬಟ್ಟೆ. ಅಷ್ಟರಲ್ಲಿ ಗಿಬರ್ಡ್ ಬಟ್ಟೆ ಬದಲಿಸಿಕೊಂಡು ಬರಬೇಕು, ಪಾಪ.

ಡೆತ್ ಕ್ಯಾಬ್ ಬೇಕಾದರೆ ಇನ್ನೊಂದು ವರ್ಷ ಸಿಗುತ್ತದೆ. ಪೋಸ್ಟಲ್ ಸರ್ವಿಸ್ ಹಾಗಲ್ಲ. ಲಾಸ್ ಏಂಜಲೀಸ್‌ನಲ್ಲಿ ಜಿಮ್ಮಿ ಟ್ಯಾಂಬರೆಲ್ಲೊ ಬೀಟ್ ಮಾಡಿ ಅಂಚೆಯಲ್ಲಿ ಕಳಿಸೋದು, ಇತ್ತ ಗಿಬರ್ಡ್ ಅದಕ್ಕೆ ದನಿ ಸೇರಿಸಿ ವಾಪಸ್ ಕಳಿಸೋದು, ಹಾಗೆ ಹುಟ್ಟಿದ ಬ್ಯಾಂಡ್ ಅದು. ಹೆಸರು ನಮ್ಮದು ಅಂತ ಅಮೆರಿಕದ ಅಂಚೆ ಇಲಾಖೆ ನೋಟಿಸ್ ಕಳಿಸಿತ್ತು. ಕೊನೆಗೆ ರಾಜಿಯಾಗಿ ಇಲಾಖೆಯೇ ಅವರ ಸಿಡಿ ಮಾರಿತು! ಇವತ್ತಿಗೂ ಪೂರ್ತಿ ಸ್ಟುಡಿಯೋ ಆಲ್ಬಂ ಅಂತ ಇರುವುದು ಆ ‘ಗಿವ್ ಅಪ್’ ಒಂದೇ. 2013ರಲ್ಲಿ ಹತ್ತು ವರ್ಷ ತುಂಬಿದಾಗ ಒಮ್ಮೆ ಸೇರಿದ್ದರು, ಅದಾದ ಮೇಲೆ ಈ ಸಲವೇ. ಮತ್ತೆ ಯಾವಾಗಲೋ ಅಂತ ಒಂದೇ ತಿಂಗಳಲ್ಲಿ ಎರಡು ಊರಲ್ಲಿ ನೋಡಿದೆ. ಸಿಯಾಟಲ್‌ನಲ್ಲಿ ಸೀಟು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನಿಂತುಕೊಂಡು.

ಸಿಯಾಟಲ್ ಟಿಕೆಟ್ ಇವರ ಆಯ್ಕೆ. ‘ನಿಂತ್ಕೊಂಡು ನೋಡೋಕೆ ನಮಗೇನು ಇಪ್ಪತ್ತು ವರ್ಷಾನಾ? ಇಪ್ಪತ್ತಾಗಿರೋದು ಆಲ್ಬಂಗೆ’ ಅಂದರು. ಅದೂ ನಿಜವೇ. ಶೋ ಇದ್ದದ್ದು ಕ್ಲೈಮೇಟ್ ಪ್ಲೆಡ್ಜ್ ಅರೀನಾದಲ್ಲಿ. 1962ರ ವಿಶ್ವಮೇಳಕ್ಕೆ ಕಟ್ಟಿದ ಹಳೇ ಚಾವಣಿಯನ್ನು ಹಾಗೇ ಉಳಿಸಿಕೊಂಡು, ಅದರ ಕೆಳಗೆ ನೆಲ ಅಗೆದು ಹೊಸ ಕ್ರೀಡಾಂಗಣ ಕಟ್ಟಿದ್ದಾರೆ. ಅದೇ ಮೇಳದ ಕಾಲದ ಮಾನೊರೈಲ್ ಪೇಟೆಯಿಂದ ಹತ್ತಿರಕ್ಕೇ ತಂದು ಬಿಡುತ್ತದೆ. ಕಾರ್ ಪಾರ್ಕಿಂಗ್ ತಲೆನೋವಿಲ್ಲ. ಈ ವಿಷಯದಲ್ಲಿ ಸಿಯಾಟಲ್‌ಗೆ ಪೂರ್ತಿ ಅಂಕ.

ಇನ್ನು ಸೀಟಿನ ಕಥೆ.

ಕೂತು ನೋಡೋಣ ಅಂತ ತಗೊಂಡ ಸೀಟಿನಲ್ಲಿ ಕೂರಲಿಕ್ಕೆ ಮುಂದಿನ ಸಾಲಿನವರ ಒಪ್ಪಿಗೆ ಬೇಕು. ಇದು ಯಾವ ಟಿಕೆಟ್ ಮೇಲೂ ಬರೆದಿರುವುದಿಲ್ಲ. ದೀಪ ಆರಿ ಮೊದಲ ಹಾಡಿನ ಗಿಟಾರ್ ಬಾರಿಸಿದ್ದೇ ತಡ, ಬಸ್ಸು ಬಂತು ಅಂದಾಗ ಸ್ಟ್ಯಾಂಡಿನಲ್ಲಿ ಜನ ಏಳುವ ಹಾಗೆ ಕೆಳಗಿನ ಸಾಲಿನಿಂದ ಒಂದೊಂದೇ ಸಾಲು ಎದ್ದಿತು. ನಮ್ಮ ಮುಂದಿನವರು ಎದ್ದರು. ನಾನು ಕುಳ್ಳಿ, ಕೂತರೆ ಕಾಣುವುದು ಅವರ ಬೆಲ್ಟು. ಎದ್ದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಹೆಗಲು ತಟ್ಟಿ, ದಯವಿಟ್ಟು ಕೂತುಕೊಳ್ಳಿ, ನನಗೆ ಮಂಡಿ ನೋವು ಅಂದರು. ಅವರ ಮಾತು ನ್ಯಾಯವಾದದ್ದೇ. ಕೂತೆ. ಮತ್ತೆ ಬೆಲ್ಟು.

ಟ್ರಾನ್ಸ್‌ಅಟ್ಲಾಂಟಿಸಿಸಂ ಇದಕ್ಕೆ ಹೇಳಿ ಮಾಡಿಸಿದ ಆಲ್ಬಂ. ಒಂದು ಜೋರು ಹಾಡು, ಎರಡು ಮೆಲ್ಲನೆಯವು, ಮತ್ತೊಂದು ಜೋರು. ಜೋರಿಗೆ ಎಲ್ಲರೂ ಏಳುತ್ತಾರೆ. ಮೆಲ್ಲನೆಯದಕ್ಕೆ ಅರ್ಧ ಜನ ಕೂರುತ್ತಾರೆ, ಉಳಿದ ಅರ್ಧ ಬಿಯರ್ ತರಲು ಹೊರಡುತ್ತಾರೆ. ಅವರಿಗೆ ದಾರಿ ಬಿಡಲು ಕೂತವರು ಮತ್ತೆ ಏಳಬೇಕು. ಬಿಯರ್ ಹಿಡಿದು ಬಂದಾಗ ಇನ್ನೊಮ್ಮೆ. ಆಲ್ಬಂನ ಹೆಸರನ್ನೇ ಹೊತ್ತ ಹಾಡಂತೂ ಎಂಟು ನಿಮಿಷದ ಹತ್ತಿರ ಇದೆ. ಒಂದು ಪಿಯಾನೊದಿಂದ ಶುರುವಾಗಿ, ನಿಧಾನಕ್ಕೆ ಒಂದೊಂದೇ ವಾದ್ಯ ಸೇರಿಕೊಳ್ಳುತ್ತಾ ಕೊನೆಗೆ ಇಡೀ ಜಾಗ ತುಂಬುತ್ತದೆ. ಆ ಹಾಡಿಗೆ ಎಲ್ಲಿ ಏಳಬೇಕು? ಶುರುವಿನಲ್ಲಾ, ಡ್ರಮ್ಸ್ ಬಂದಾಗಲಾ, ಎಲ್ಲರೂ ಒಟ್ಟಿಗೆ ಹಾಡುವಾಗಲಾ? ನಮ್ಮ ಸಾಲಿನಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ನನ್ನ ಮುಂದಿದ್ದವರು ಅರ್ಧ ಎದ್ದು, ಹಿಂದೆ ತಿರುಗಿ ನೋಡಿ, ಮುಜುಗರದಿಂದ ಬಗ್ಗಿ, ಆ ಎಂಟು ನಿಮಿಷವೂ ಸೀಟಿನ ತುದಿಯಲ್ಲಿ ತೂಗಾಡಿದರು. ಹಾಡು ಕೇಳಿದ್ದಕ್ಕಿಂತ ಜಾಸ್ತಿ ಅವರ ಬೆನ್ನನ್ನೇ ನೋಡಿದೆ.

ಇದರಲ್ಲಿ ಯಾರ ತಪ್ಪೂ ಇಲ್ಲ, ಅದೇ ಸಿಟ್ಟು ಬರುವ ಸಂಗತಿ. ಎದ್ದವರು ಇಪ್ಪತ್ತು ವರ್ಷ ಕಾದವರು, ಅವರನ್ನು ಕೂತುಕೋ ಅನ್ನಲು ಬಾಯಿ ಬರುವುದಿಲ್ಲ. ಹಿಂದಿನ ಹೆಂಗಸು ಕೂಡ ಇಪ್ಪತ್ತು ವರ್ಷ ಕಾದವರೇ. ಮಧ್ಯದಲ್ಲಿ ಸಿಕ್ಕ ನಾನು ಎರಡೂ ಕಡೆಗೆ ಸಾರಿ ಹೇಳುತ್ತಾ ಮೊದಲರ್ಧ ಕಳೆದೆ. ಇವರು ಮಾತ್ರ ಆರಾಮಾಗಿ ಕೂತಿದ್ದರು. ಏನೂ ಕಾಣ್ತಿಲ್ವಲ್ಲ ಅಂದರೆ ‘ಕೇಳೋಕೆ ತಾನೇ ಬಂದಿರೋದು’ ಅಂದರು.

ಎರಡನೇ ಅರ್ಧ ಪರವಾಗಿಲ್ಲ. ಗಿವ್ ಅಪ್ ಕುಣಿಯುವ ಆಲ್ಬಂ, ಎಲ್ಲರೂ ಎದ್ದರು, ಎದ್ದೇ ಇದ್ದರು. ಮಂಡಿ ನೋವಿನವರು ವಿರಾಮದಲ್ಲೇ ಬೇರೆ ಎಲ್ಲೋ ಜಾಗ ಹುಡುಕಿಕೊಂಡು ಹೋಗಿದ್ದರು. ಅಂದರೆ ಕೊನೆಗೂ ನಾನು ನಿಂತೇ ನೋಡಿದ್ದು, ಸೀಟಿನ ದುಡ್ಡು ಕೊಟ್ಟು.

ದೂರದ ಸೀಟಿನ ಇನ್ನೊಂದು ಸಣ್ಣ ಕಿರಿಕಿರಿ. ಶಬ್ದ ನೂರು ಅಡಿ ದಾಟಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಮೇಲಿನ ಸಾಲಿಂದ ನೋಡಿದರೆ ಡ್ರಮ್ ಕಡ್ಡಿ ಮೊದಲು ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗೀತು, ಮತ್ತೆ ಮರೆಯಲು ಆಗುವುದಿಲ್ಲ.

ಬರ್ಕ್ಲಿ ಗ್ರೀಕ್ ಥಿಯೇಟರ್ ಬಗ್ಗೆ ಬರೆಯುವಾಗ ನಾನು ಪಕ್ಷಪಾತಿ. 1903ರಲ್ಲಿ ಶುರುವಾದ ಬಯಲು ರಂಗಮಂದಿರ. ಗುಡ್ಡದ ಇಳಿಜಾರಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಕಾಂಕ್ರೀಟ್ ಮೆಟ್ಟಿಲು, ಅದರ ಮೇಲೆ ಹುಲ್ಲು, ಕೆಳಗೆ ವೇದಿಕೆಯ ಮುಂದೆ ನಿಲ್ಲುವ ಜಾಗ. ಎಂಟೂವರೆ ಸಾವಿರ ಜನ ಹಿಡಿಸುತ್ತದೆ, ಅರೀನಾದ ಅರ್ಧದಷ್ಟೂ ಇಲ್ಲ. ಇವರು ಬರಲಿಲ್ಲ. ಗೆಳತಿಯ ಜೊತೆ ಹೋದೆ. ‘ಲೇ, ಮುಂದೆ ಹೋಗೋಣ ಬಾರೇ’ ಅಂತ ಅವಳು ಎಳೆದಳು. ನಾನು ಹೋಗಲಿಲ್ಲ. ನನ್ನ ಎತ್ತರಕ್ಕೆ ಮುಂದೆ ಹೋಗಿ ಉಪಯೋಗವಿಲ್ಲ, ಸುತ್ತ ಬರೀ ಭುಜಗಳು.

ಕುಳ್ಳಗಿರುವವರು ನಿಲ್ಲಬೇಕಾದ್ದು ಸೌಂಡ್ ಡೆಸ್ಕ್ ಪಕ್ಕ. ಧ್ವನಿ ಹೊಂದಿಸುವವರು ಅಲ್ಲಿ ಕೂತು, ತಮ್ಮ ಕಿವಿಗೆ ಚೆನ್ನಾಗಿ ಕೇಳುವ ಹಾಗೆ ಹೊಂದಿಸುತ್ತಾರೆ. ಅಂದಮೇಲೆ ಆ ಜಾಗದಷ್ಟು ಚೆನ್ನಾಗಿ ಬೇರೆಲ್ಲೂ ಕೇಳುವುದಿಲ್ಲ. ಡೆಸ್ಕಿನ ಸುತ್ತ ಕಂಬಿ ಇರುತ್ತದೆ, ಒರಗಿಕೊಳ್ಳಬಹುದು. ಒಂದು ಪಕ್ಕ ಯಾರೂ ತಳ್ಳುವುದಿಲ್ಲ. ಟ್ಯಾಂಬರೆಲ್ಲೊನ ಬೀಟುಗಳು ಇಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕೇಳಿದವು. ಪೋಸ್ಟಲ್ ಸರ್ವಿಸ್‌ನ ಗಾಯಕಿ ಜೆನ್ನಿ ಲೂಯಿಸ್ ಮತ್ತು ಗಿಬರ್ಡ್ ಎದುರುಬದುರಾಗಿ ಹಾಡುವಾಗ ಇಬ್ಬರ ಮುಖವೂ ಕಂಡಿತು, ಪರದೆಯಲ್ಲಿ ಅಲ್ಲ, ನೇರವಾಗಿ. ಕೊನೆಗೆ ಎರಡೂ ಬ್ಯಾಂಡಿನವರು ಒಟ್ಟಿಗೆ ಬಂದು ಇಂಗ್ಲೆಂಡಿನ ಡೆಪೆಶ್ ಮೋಡ್ ಬ್ಯಾಂಡಿನ ಹಾಡೊಂದನ್ನು ಹಾಡಿದಾಗ ಕಪ್ಪು, ಬಿಳಿ ಬಟ್ಟೆ ಸೇರಿಕೊಂಡದ್ದು ಚೆಂದ. ಸಿಯಾಟಲ್‌ನಲ್ಲೂ ಅದೇ ಹಾಡು ಹಾಡಿದ್ದರು, ಅಲ್ಲಿ ಅದು ಚುಕ್ಕೆಗಳ ಹಾಗೆ ಕಂಡಿತ್ತು ಅಷ್ಟೇ.

ಎಲ್ಲರೂ ನಿಂತಿದ್ದಾರೆ, ಏಳಲೋ ಕೂರಲೋ ಅನ್ನುವ ಪ್ರಶ್ನೆಯೇ ಇಲ್ಲ. ಇದೇ ಸಾಕು ನನಗೆ. ಪಕ್ಕದಲ್ಲಿ ಒಬ್ಬರು ಹದಿನಾರೋ ಹದಿನೇಳೋ ವಯಸ್ಸಿನ ಮಗಳನ್ನು ಕರೆತಂದಿದ್ದರು. ಮೆಲ್ಲನೆಯ ಹಾಡುಗಳಿಗೆ ಅಮ್ಮ ಅತ್ತರು, ಮಗಳು ಫೋನ್ ನೋಡಿದಳು. ಗಿವ್ ಅಪ್ ಶುರುವಾದ ಮೇಲೆ ಮಗಳದೇ ಕುಣಿತ, ಸಾಲು ಸಾಲೂ ಬಾಯಿಪಾಠ.

ಬರ್ಕ್ಲಿಯ ಕೊರತೆಗಳು? ಬಾರ್ಟ್ ಅನ್ನುವ ಸ್ಥಳೀಯ ರೈಲು ಇಳಿದು ಗುಡ್ಡದ ಕಡೆಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಕತ್ತಲಾದ ಮೇಲೆ ಚಳಿ, ಸ್ವೆಟರ್ ಬೇಕೇ ಬೇಕು. ಪಾದ ನೋಯುತ್ತದೆ. ಇಯರ್‌ಪ್ಲಗ್ ಎರಡೂ ಊರಲ್ಲಿ ಬೇಕು, ಅದರ ಬಗ್ಗೆ ಚರ್ಚೆಯೇ ಇಲ್ಲ. ಟೀ ಶರ್ಟ್ ಕೊಳ್ಳುವ ಸಾಲು ಎರಡೂ ಕಡೆ ಉದ್ದ. ಶೋಗೆ ಮೊದಲೇ ತಗೊಳ್ಳಿ, ಆಮೇಲೆ ನಿಮ್ಮ ಅಳತೆ ಸಿಗುವುದಿಲ್ಲ.

ಮನೆಯಲ್ಲೇ ನೋಡುವವರಿಗೆ ಮೂರನೇ ದಾರಿಯೂ ಇದೆ. 2013ರ ಪೋಸ್ಟಲ್ ಸರ್ವಿಸ್ ಟೂರ್ ಇದೇ ಗ್ರೀಕ್ ಥಿಯೇಟರ್‌ನಲ್ಲಿ ಚಿತ್ರೀಕರಣವಾಗಿದೆ, ‘ಎವ್ರಿಥಿಂಗ್ ವಿಲ್ ಚೇಂಜ್’ ಅಂತ. ಲೈವ್ ಆಲ್ಬಂ ಆಗಿಯೂ 2020ರಲ್ಲಿ ಬಂತು. ಸೋಫಾ ಮೇಲೆ ಕಾಲು ಚಾಚಿ ಕೂರಬಹುದು, ಯಾರ ಬೆಲ್ಟೂ ಅಡ್ಡ ಬರುವುದಿಲ್ಲ. ಬೆಂಗಳೂರಲ್ಲಿ, ಮೈಸೂರಲ್ಲಿ ಇರುವವರಿಗೆ ನಾನು ಇದನ್ನೇ ಹೇಳುವುದು. ವಿಮಾನದ ಟಿಕೆಟ್ ತೆಗೆದು ಬರುವಂಥದ್ದಲ್ಲ, ಸುಮ್ನೆ ಆಸೆ ಹುಟ್ಟಿಸಲಾರೆ. ಡೆತ್ ಕ್ಯಾಬ್ ಅರ್ಧ ಅದರಲ್ಲಿ ಇಲ್ಲ, ಅದೊಂದು ನಷ್ಟ.

ದುಡ್ಡಿನ ಲೆಕ್ಕ ನನ್ನದು ಹೀಗಿದೆ. ನಾನು ವರ್ಷಕ್ಕೆ ಒಂದೋ ಎರಡೋ ಶೋ ನೋಡುವವಳು. ಬೇಗ ಹೋಗಿ ಜಾಗ ಹಿಡಿಯಲು ಬೇಜಾರಿಲ್ಲ, ಮಧ್ಯದಲ್ಲಿ ಕುಡಿಯಲು ತಿನ್ನಲು ಏಳುವ ಅಭ್ಯಾಸ ಇಲ್ಲ. ಅಂಥವರಿಗೆ ನಿಲ್ಲುವ ಟಿಕೆಟ್ ಸರಿ. ಮಂಡಿ ನೋವು ಇದ್ದರೆ, ಮಕ್ಕಳು ಜೊತೆಗಿದ್ದರೆ, ಸೀಟೇ ಬೇಕು. ಆಗ ಮುಂದೆ ಯಾರೂ ಇಲ್ಲದ ಸಾಲು ನೋಡಿ ತಗೊಳ್ಳಿ, ಅಂದರೆ ಮೇಲಿನ ಮಹಡಿಯ ಮೊಟ್ಟಮೊದಲ ಸಾಲು, ಎದುರಿಗೆ ಕಂಬಿ ಇರುವಂಥದ್ದು. ಅಲ್ಲಿ ನಿಮ್ಮ ಮುಂದೆ ಯಾರೂ ಏಳುವುದಿಲ್ಲ. ಕೆಳಮಹಡಿಯ ನಡುವಿನ ಸಾಲಿಗೆ ಅದಕ್ಕಿಂತ ಜಾಸ್ತಿ ಕೊಡಲು ನಾನಂತೂ ತಯಾರಿಲ್ಲ.

ಇವರಿಗೆ ಸಿಯಾಟಲ್ಲೇ ಇಷ್ಟವಂತೆ. ಮುಂದಿನ ಸಲ ಟಿಕೆಟ್ ಬೇರೆ ಬೇರೆ ತಗೊಳ್ಳೋಣ, ವಾಪಸ್ ಬರುವಾಗ ಮಾನೊರೈಲ್ ಸ್ಟೇಷನ್ ಹತ್ತಿರ ಸಿಗೋಣ ಅಂತ ಒಪ್ಪಂದ ಆಗಿದೆ.