ಅಕ್ರಿಲಿಕ್ ಕೇಸ್ ಮಾಡಿಸುವವರೇ, ಹಾಳೆ ಯಾವುದು ಅಂತ ಮೊದಲು ನೋಡಿ

ಲೇಸರ್‌ನಲ್ಲಿ ಅಕ್ರಿಲಿಕ್ ಕತ್ತರಿಸಿ ಸ್ವಂತ ಡಿಸೈನ್‌ನ ಕಂಪ್ಯೂಟರ್ ಕೇಸ್ ಮಾಡೋ ಯೋಚನೆ ಇದ್ದರೆ ಇದನ್ನು ಓದಿ. ನನ್ನ ಮಿನಿ-ಐಟಿಎಕ್ಸ್ (ಚಿಕ್ಕ ಅಳತೆಯ ಮದರ್‌ಬೋರ್ಡ್) ಕೇಸ್‌ನಲ್ಲಿ ಬೋರ್ಡ್ ಕೂರಿಸುವ ಟ್ರೇ ಸೀಳಿಹೋಯ್ತು. ಕಾರಣ ಡಿಸೈನ್ ಅಲ್ಲ, ಕತ್ತರಿಸಿಕೊಟ್ಟವರು ಬದಲಾಯಿಸಿದ ಹಾಳೆ.

ಆರ್ಡರ್‌ನಲ್ಲಿ 5 ಮಿ.ಮೀ. ಕಾಸ್ಟ್ (ಅಚ್ಚಿಗೆ ಎರೆದು ಮಾಡಿದ) ಅಕ್ರಿಲಿಕ್ ಅಂತ ಸ್ಪಷ್ಟವಾಗಿ ಬರೆದಿದ್ದೆ. ಬಂದಿದ್ದು ಎಕ್ಸ್‌ಟ್ರೂಡೆಡ್ (ಕರಗಿಸಿ ಯಂತ್ರದಿಂದ ಒತ್ತಿ ತೆಗೆದ ಹಾಳೆ), ಅದೂ ಒಂದು ಮಾತು ಹೇಳದೆ. ಜೊತೆಗೆ ಒಂದು ಚೀಟಿ ಬೇರೆ: ಹೊಗೆ ಕಲೆ ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಅಂತ. ಒರೆಸಿದೆ. ಸ್ವಲ್ಪ ಹೊತ್ತಿಗೇ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಚಿಕ್ಕ ಕಂಬ) ತೂತುಗಳ ಸುತ್ತ ಕೂದಲೆಳೆಯಂಥ ಗೆರೆಗಳು ಎದ್ದವು. ನೇರ ನೋಡಿದರೆ ಕಾಣಲ್ಲ, ಉಗುರಿಗೂ ಸಿಗಲ್ಲ, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಬೆಳ್ಳಗೆ ಮಿಂಚುತ್ತವೆ. ಬೋರ್ಡ್ ಕೂರಿಸಿ, ಕೂಲರ್ ಹಾಕಿ, ಒಂದಷ್ಟು ಹೊತ್ತು ಗೇಮ್ ಓಡಿಸಿ ಆಫ್ ಮಾಡಿದೆ. ತಣ್ಣಗಾಗುವಾಗ ಟಿಕ್ ಅಂತ ಶಬ್ದ. ಒಂದು ತೂತಿನಿಂದ ಇನ್ನೊಂದು ತೂತಿನವರೆಗೂ ಬಿರುಕು.

ಲೇಸರ್ ಅಂಚನ್ನು ಕರಗಿಸುತ್ತದೆ. ಕರಗಿದ ಪದರ ತಣ್ಣಗಾಗಿ ಕುಗ್ಗಲು ನೋಡುತ್ತದೆ, ಒಳಗಿನ ಭಾಗ ಬಿಡುವುದಿಲ್ಲ. ಹೀಗಾಗಿ ಆ ಫಳಫಳ ಹೊಳೆಯೋ ಅಂಚಿನಲ್ಲೇ ಎಳೆತ ಉಳಿದುಬಿಡುತ್ತದೆ. ಆಲ್ಕೊಹಾಲ್ ತಾಗಿದ ಕೂಡಲೇ ಆ ಎಳೆತ ಬಿರುಕಾಗಿ ಹೊರಬರುತ್ತದೆ. ಕಾಸ್ಟ್ ಹಾಳೆಯಲ್ಲೂ ಇದು ಆಗಬಹುದು, ಆದರೆ ಎಕ್ಸ್‌ಟ್ರೂಡೆಡ್‌ನಲ್ಲಿ ಜಾಸ್ತಿ. ಸ್ಕ್ರೂ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್‌ಲಾಕರ್ ಕೂಡ ಅಕ್ರಿಲಿಕ್‌ಗೆ ಶತ್ರುವೇ.

ಅಂಗಡಿಯವರಿಗೆ ಆ ಗೆರೆಗಳ ಫೋಟೊ ಕಳಿಸಿದರೆ ಬಂದ ಉತ್ತರ: "ಎರಡೂ ಅಕ್ರಿಲಿಕ್ಕೇ ಅಲ್ವಾ ಸರ್, ನೀವು ಸ್ಕ್ರೂ ಜಾಸ್ತಿ ಟೈಟ್ ಮಾಡಿರ್ತೀರಿ." ಸ್ಕ್ರೂ ಹಾಕುವ ಮೊದಲೇ ತೆಗೆದ ಫೋಟೊ ಅದು! ಆಮೇಲೆ ಉತ್ತರವೇ ಇಲ್ಲ, ದುಡ್ಡೂ ಇಲ್ಲ.

ಹಾಳೆ ಬಂದ ತಕ್ಷಣ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಹಿಡಿಯಿರಿ. ಕಾಸ್ಟ್ ಹಾಳೆಯ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, 5 ಅಂದಿದ್ದು 4.7 ಇರಬಹುದು, 5.2 ಇರಬಹುದು. ಎಲ್ಲ ಕಡೆ ಒಂದೇ ಸಮ ಬಂತು ಅಂದ್ರೆ ಅನುಮಾನ ಪಡಿ. ಇನ್ನೂ ಒಳ್ಳೆಯ ದಾರಿ, ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರ ಕೆತ್ತಿಸಿಕೊಳ್ಳುವುದು. ಕಾಸ್ಟ್‌ನಲ್ಲಿ ಲೇಸರ್ ಕೆತ್ತನೆ ಮಂಜು ಬಿಳಿ ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಟ್ರೂಡೆಡ್‌ನಲ್ಲಿ ಅದು ಪಾರದರ್ಶಕವಾಗೇ ಉಳಿಯುತ್ತದೆ, ಸರಿಯಾಗಿ ಕಾಣುವುದೂ ಇಲ್ಲ.

ಕತ್ತರಿಸಿದ ಮೇಲೆ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ಗಂಟೆ ಬಿಸಿಯಲ್ಲಿಟ್ಟು, ಆತುರವಿಲ್ಲದೆ ನಿಧಾನಕ್ಕೆ ತಣಿಸಿದರೆ ಎಳೆತ ಬಹುಪಾಲು ಇಳಿಯುತ್ತದೆ. ಈ ಅನೀಲಿಂಗ್ ಮಾಡಿಕೊಡ್ತಾರಾ ಅಂತ ಆರ್ಡರ್ ಕೊಡುವಾಗಲೇ ಕೇಳಿ. ಮಾಮೂಲಿ ಓವನ್ ನಂಬಬೇಡಿ, ಅದರ ಡಯಲ್ ತೋರಿಸೋದು ಒಂದು, ಒಳಗಿರೋದು ಇನ್ನೊಂದು. 100 ದಾಟಿದರೆ ಪ್ಯಾನೆಲ್ ಬಾಗಿಹೋಗುತ್ತದೆ.

ತೂತಿನ ಅಳತೆಯೂ ಮುಖ್ಯ. 500 ಮಿ.ಮೀ. ಅಕ್ರಿಲಿಕ್ ಪ್ಯಾನೆಲ್‌ನ ಬಿಸಿ 30 ಡಿಗ್ರಿಯಷ್ಟು ಏರಿದರೆ ಅದು ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಅಲ್ಯುಮಿನಿಯಂ ಅದರ ಮೂರನೇ ಒಂದು ಭಾಗದಷ್ಟೇ. ಹಾಗಾಗಿ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗೆ 3 ಮಿ.ಮೀ. ತೂತು ಬೇಡ, 3.5 ಆದರೂ ಇರಲಿ, ಜೊತೆಗೆ ವಾಷರ್ ಹಾಕಿ. ಕಲೆ ಒರೆಸಲು ಸೋಪು ನೀರು ಸಾಕು.

ನಾನೀಗ ಟ್ರೇಗೆ ಅಲ್ಯುಮಿನಿಯಂ ಹಾಕಿದ್ದೇನೆ, ಅಕ್ರಿಲಿಕ್ ಇರೋದು ಪಕ್ಕದ ಬಾಗಿಲಿಗೆ ಮಾತ್ರ, ಅಲ್ಲಿ ಅದು ಯಾವ ಭಾರವನ್ನೂ ಹೊರಬೇಕಿಲ್ಲ.