ಅಕ್ಕನ ಮಗಳ ಸಿ ಲ್ಯಾಬಿಗೆ ಕೊನೆಗೂ ಕೋಡ್‌ಬ್ಲಾಕ್ಸೇ

ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ 12,500 ರೂಪಾಯಿ ಕೊಟ್ಟು ಹಳೇ ಲ್ಯಾಪ್‌ಟಾಪ್ ತಗೊಂಡೆ. ‘ಕೋಡಿಂಗ್‌ಗೆ ಬೇಕಾದ್ದೆಲ್ಲ ಹಾಕಿದೀನಿ ಸರ್, ಆನ್ ಮಾಡೋದಷ್ಟೇ ಕೆಲಸ’ ಅಂದಿದ್ದ ಹುಡುಗ. ಆ ‘ಎಲ್ಲ’ ಅಂದರೆ ವಿಎಸ್ ಕೋಡ್ ಒಂದೇ ಅಂತ ಆಮೇಲೆ ಗೊತ್ತಾಯಿತು. ಅದು ಬರೀ ಎಡಿಟರ್, ಕೋಡ್ ಬರೆಯುವ ಜಾಗ ಅಷ್ಟೇ. ಸಿ ಭಾಷೆಯ ಪ್ರೋಗ್ರಾಂ ಓಡಬೇಕಾದರೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೇರೆ ಹಾಕಿಕೊಳ್ಳಬೇಕು.

ಲ್ಯಾಪ್‌ಟಾಪ್ ಅಕ್ಕನ ಮಗಳಿಗೆ. ಮೊದಲ ವರ್ಷದ ಎಂಜಿನಿಯರಿಂಗ್, ಮನೆ ಸಕಲೇಶಪುರದ ಹತ್ತಿರದ ಹಳ್ಳಿ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಓಡಾಟ. ರಾತ್ರಿ ಒಂಬತ್ತಕ್ಕೆ ಅವಳು ರೆಕಾರ್ಡ್ ಬರೆಯಲು ಕೂತರೆ, ಇಲ್ಲಿ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಪರದೆ ಕಾಣದೆ ಬಾಯಲ್ಲೇ ಹೇಳಿ ಸರಿಮಾಡಿಸಬೇಕು.

ಮಿನ್‌ಜಿಡಬ್ಲ್ಯು ಅನ್ನುವ ಕಂಪೈಲರ್ ಇಳಿಸೋಕೆ ಹೇಳಿ, ಅದರ ಬಿನ್ ಫೋಲ್ಡರನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ) ಸೇರಿಸುವಷ್ಟರಲ್ಲಿ ಎರಡು ರಾತ್ರಿ ಹೋಯಿತು. ಅದು ಹೋಗಲಿ. ಮೂರನೇ ರಾತ್ರಿ ಶುರುವಾಯಿತು ನೋಡಿ. ‘ಹಲೋ ವರ್ಲ್ಡ್’ ಚೆನ್ನಾಗಿ ಬಂತು. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂಗೆ ಬಂದಾಗ, ‘ಮಾವ, ನಂಬರ್ ಹೊಡೆಯೋಕೇ ಬಿಡ್ತಿಲ್ಲ’ ಅಂದಳು. ‘ಎಂಟರ್ ದ ನಂಬರ್ಸ್’ ಅನ್ನುವ ಸಾಲೂ ಬಂದಿರಲಿಲ್ಲ, ಕೆಳಗಿನ ಭಾಗ ಖಾಲಿ. ಏನು ಒತ್ತಿದರೂ ‘ಕೆನಾಟ್ ಎಡಿಟ್ ಇನ್ ರೀಡ್-ಓನ್ಲಿ ಎಡಿಟರ್’. ಮತ್ತೆ ರನ್ ಒತ್ತಿದರೆ ‘ಕೋಡ್ ಈಸ್ ಆಲ್ರೆಡಿ ರನ್ನಿಂಗ್’. ಅಂಕಿ ಓದಿಕೊಳ್ಳುವ ಸ್ಕ್ಯಾನ್‌ಎಫ್ ಸಾಲಿನಲ್ಲಿ ಅವಳು ಆಂಪರ್‌ಸ್ಯಾಂಡ್ (&) ಮರೆತಿರಬೇಕು ಅಂತ ಕೋಡನ್ನು ಸಾಲು ಸಾಲಾಗಿ ಓದಿಸಿದೆ. ಅವಳ ತಪ್ಪೇನೂ ಇರಲಿಲ್ಲ. ಪಾಪ, ಬೈಸಿಕೊಂಡಿದ್ದಷ್ಟೇ ಬಂತು.

ಕಾರಣ ಇಷ್ಟು: ಆ ಅಂಗಡಿಯ ಹುಡುಗ ವಿಎಸ್ ಕೋಡ್ ಒಳಗೆ ಕೋಡ್ ರನ್ನರ್ ಅನ್ನುವ ಎಕ್ಸ್‌ಟೆನ್ಷನ್ (ಸೇರಿಸಿಕೊಳ್ಳುವ ತುಣುಕು) ಹಾಕಿದ್ದ. ಅದು ಫಲಿತಾಂಶವನ್ನು ಔಟ್‌ಪುಟ್ ಅನ್ನುವ ಕಿಟಕಿಗೆ ಸುರಿಯುತ್ತದೆ. ಆ ಕಿಟಕಿ ಒಮ್ಮುಖ ರಸ್ತೆ, ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಪ್ರೋಗ್ರಾಂ ಅಂಕಿಗಾಗಿ ಕಾಯುತ್ತಾ ಕೂತಿರುತ್ತದೆ. ಅದು ಮುದ್ರಿಸಬೇಕಾದ ಸಾಲೂ ಬಫರ್ ಅನ್ನುವ ತಾತ್ಕಾಲಿಕ ಜಾಗದಲ್ಲೇ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ರನ್ ಇನ್ ಟರ್ಮಿನಲ್’ ಅಂತ ಹುಡುಕಿ ಒಂದು ಟಿಕ್ ಹಾಕಿದರೆ ಮುಗಿಯಿತು, ಟರ್ಮಿನಲ್ ಕಿಟಕಿ ನಾವು ಹೊಡೆದದ್ದನ್ನೂ ಕೇಳುತ್ತದೆ. ಆ ಟಿಕ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹನ್ನೊಂದೂವರೆ. ಅಕ್ಕ ಹಿಂದಿನಿಂದ ‘ಮಲಗೋಕೆ ಹೇಳೋ ಅವಳಿಗೆ’ ಅಂತ ಕೂಗುತ್ತಿದ್ದಳು.

ಕೆಲಸ ಬಲ್ಲವರಿಗೆ ವಿಎಸ್ ಕೋಡ್ ಬಲು ಒಳ್ಳೆಯದು, ನಾನೂ ಆಫೀಸಿನಲ್ಲಿ ಬಳಸುತ್ತೇನೆ. ಆದರೆ ಫಾರ್ ಲೂಪ್ ಇನ್ನೂ ಕೈಗೆ ಹತ್ತದವಳಿಗೆ ಈ ಗೋಳು ಯಾಕೆ? 4 ಜಿಬಿ ರ‍್ಯಾಮಿನಲ್ಲಿ ಪಕ್ಕದಲ್ಲಿ ಕ್ರೋಮ್ ತೆರೆದರೆ ಕರ್ಸರ್ ಕೂಡ ತೆವಳುತ್ತದೆ.

ಟರ್ಬೊ ಸಿ ಅನ್ನುವ ಹಳೇ ಡಾಸ್ ಕಾಲದ ಕಂಪೈಲರ್ ಅವಳ ಕಾಲೇಜಿನ ಲ್ಯಾಬಿನಲ್ಲಿ ಇನ್ನೂ ಇದೆ. ಮನೆಯಲ್ಲೂ ಅದೇ ಇರಲಿ ಅಂತ, ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್ ಜೊತೆ ಹಾಕಿಸಿದೆ. 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ ಒಳಗೆ ಓಡಿತು, ಆದರೆ 8ರ ಫ್ಯಾಕ್ಟೋರಿಯಲ್ (1ರಿಂದ 8ರವರೆಗಿನ ಗುಣಲಬ್ಧ) ಕೇಳಿದರೆ 40320 ಬದಲು -25216 ಅಂದಿತು. ಅದರಲ್ಲಿ ಪೂರ್ಣಾಂಕ ಇಡುವ ಇಂಟ್‌ಗೆ ಎರಡೇ ಬೈಟ್ ಜಾಗ, 32767 ದಾಟಿದರೆ ತಿರುಗಿ ಋಣಕ್ಕೆ ಇಳಿಯುತ್ತದೆ. ವೈವಾದಲ್ಲಿ ಹೇಳಲು ಒಳ್ಳೇ ಉದಾಹರಣೆ, ಮನೆಗೆ ಬೇಡ.

ಆನ್‌ಲೈನ್ ಕಂಪೈಲರ್: ಹಾಸನದಲ್ಲಾದರೆ ಸರಿ. ಅವರೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ.

ವಿಂಡೋಸ್ ತೆಗೆದು ಲಿನಕ್ಸ್ ಹಾಕುವುದು ನನಗಿಷ್ಟ, ಆದರೆ ವಿಂಡೋಸ್‌ನಲ್ಲೇ ಓಡುವ ಭಾವನ ಟ್ಯಾಲಿ ಲೆಕ್ಕವೂ ಅದೇ ಲ್ಯಾಪ್‌ಟಾಪಿನಲ್ಲಿ. ಮುಟ್ಟುವ ಹಾಗಿಲ್ಲ.

ಇನ್ನು ಕೋಡ್‌ಬ್ಲಾಕ್ಸ್, ಕೋಡ್ ಬರೆದು ಅಲ್ಲೇ ಓಡಿಸುವ ಸಾಫ್ಟ್‌ವೇರ್. ನೋಡಲು ಹಳೇ ಕಾಲದ್ದು, ಇರಲಿ. ಇಳಿಸುವಾಗ ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯು’ ಇರುವ ಫೈಲನ್ನೇ ಆರಿಸಬೇಕು. ಚಿಕ್ಕದಿದೆ ಅಂತ ಇನ್ನೊಂದನ್ನು ಇಳಿಸಿದರೆ ಕಂಪೈಲರ್ ಇಲ್ಲದೆ ಮತ್ತೆ ಮೊದಲಿನ ಕಥೆ. ನಾನು ಪೆನ್ ಡ್ರೈವಿಗೆ ಹಾಕಿ ಬಸ್ ಸ್ಟ್ಯಾಂಡಿನಲ್ಲೇ ಅವಳ ಕೈಗೆ ಕೊಟ್ಟೆ. ಅವತ್ತು ರಾತ್ರಿ ಎಫ್9 ಒತ್ತಿದಳು, ಕಪ್ಪು ಕಿಟಕಿ ಬಂತು, ಅಂಕಿ ಹೊಡೆದಳು, ಉತ್ತರ ಬಂತು. ಫೋನ್ ನಾಲ್ಕೇ ನಿಮಿಷ.

ಆಮೇಲೆ ಒಂದೇ ಸಲ ಕರೆ ಬಂತು, ‘ಪರ್ಮಿಷನ್ ಡಿನೈಡ್’ ಅಂತ ಬರುತ್ತಿದೆ ಅಂತ. ‘ಹಿಂದಿನ ಕಪ್ಪು ಕಿಟಕಿ ಮುಚ್ಚಿದೀಯೇನೇ?’ ಅಂದೆ. ಮುಚ್ಚಿರಲಿಲ್ಲ, ಹಳೇ ಪ್ರೋಗ್ರಾಂ ಇನ್ನೂ ಓಡುತ್ತಿದ್ದರೆ ಅದರ ಮೇಲೆ ಹೊಸದನ್ನು ಬರೆಯಲು ವಿಂಡೋಸ್ ಬಿಡುವುದಿಲ್ಲ. ಪರದೆ ನೋಡದೆ ಹೇಳಲು ನನಗೆ ಬೇಕಿದ್ದದ್ದು ಇಂಥದ್ದೇ. ಖರ್ಚೂ ಇಲ್ಲ, ನೆಟ್ಟೂ ಬೇಡ. ನಿಮ್ಮ ಹುಡುಗರ ಬಳಿ 8 ಜಿಬಿ ರ‍್ಯಾಮ್, ಒಳ್ಳೇ ನೆಟ್, ಪಕ್ಕದಲ್ಲೇ ಕೂತು ಹೇಳಿಕೊಡುವವರು ಇದ್ದರೆ ವಿಎಸ್ ಕೋಡೇ ಹಾಕಿ, ನಾನು ಬೇಡ ಅನ್ನಲ್ಲ.

ಆ ಪೆನ್ ಡ್ರೈವ್ ಈಗ ಆಲೂರಿನ ಅವಳ ಗೆಳತಿಯ ಮನೆಯಲ್ಲಿದೆಯಂತೆ. ಅಲ್ಲಿಂದ ಬೇಲೂರಿಗೆ ಹೋಗುತ್ತದಂತೆ. ವಾಪಸ್ ಬರುವ ಲಕ್ಷಣ ಕಾಣುತ್ತಿಲ್ಲ.